ಅಣ್ಣನ ಫೋನಿನಲ್ಲಿ ತಂಗಿಯ ಊಟ

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವಳದು. ನಲವತ್ತು ದಾಟಿದ ಮೇಲೆ ಅಣ್ಣನ ಮನೆ ಬಿಟ್ಟಳು. ದೊಡ್ಡ ಜಗಳವೇನಿಲ್ಲ. ತಬ್ಬಲಿ ತಂಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದವನಿಗೆ ಅವಳು ಎಲ್ಲಿ ಹೋದಳು, ಯಾರ ಜೊತೆ ನಕ್ಕಳು, ಎಲ್ಲವೂ ಬೇಕಿತ್ತು. ಉಸಿರು ಕಟ್ಟಿ ಹೊರಟವಳು ಹೊಸ ವಿಳಾಸ ಹೇಳಲಿಲ್ಲ. ಆಗಾಗ ಫೋನು ಮಾತ್ರ ಮಾಡುತ್ತಿದ್ದಳು.

ಮೂರನೇ ಮಹಡಿಯಲ್ಲಿ ಒಂದೇ ಕೋಣೆ. ಕಿಟಕಿ ತೆರೆದರೆ ಎದುರಿನ ಲಾಂಡ್ರಿಯ ಹಬೆ. ಚಪ್ಪಲಿ ಎಲ್ಲಿ ಬಿಟ್ಟರೂ ಕೇಳುವವರಿಲ್ಲ ಎನ್ನುವುದೇ ಸುಖ.

ಒಮ್ಮೆ ಫೋನಿನಲ್ಲಿ ಅಣ್ಣ ಬಾಯಿ ಜಾರಿ ಕೇಳಿಬಿಟ್ಟ. "ಯಾಕೆ, ಈಚೆಗೆ ಬರೀ ಸೂಪೇ ತರಿಸ್ತಿದ್ದೀಯ? ಹೊಟ್ಟೆ ಕೆಟ್ಟಿದೆಯಾ?"

ಹೊಟ್ಟೆ ಕೆಟ್ಟದ್ದು ನಿಜವೇ. ಆದರೆ ಸೂಪಿನ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಫೋನಿಟ್ಟಳು.

ಮಾರನೆಯ ದಿನ ಅಣ್ಣನ ಮನೆಗೆ ಹೋದಳು. ಅತ್ತಿಗೆ ನೀರು ತಂದಿಟ್ಟು ಒಳಗೆ ಸರಿದಳು. ಅಣ್ಣ ಫೋನು ತೆಗೆದು ಮುಂದಿಟ್ಟ. ಊಟ ತರಿಸಲು, ಟ್ಯಾಕ್ಸಿ ಕರೆಯಲು ಒಂದೇ ಆ್ಯಪ್. ಹಿಂದೆ ಅವನೇ ತನ್ನ ಹೆಸರಲ್ಲಿ ಖಾತೆ ತೆರೆದು ಅವಳ ಫೋನಿಗೂ ಹಾಕಿಕೊಟ್ಟಿದ್ದ. ಅವಳು ತಿಂದದ್ದು, ಹತ್ತಿದ್ದು, ಇಳಿದದ್ದು, ಕೋಣೆಯ ನಂಬರು ಸಮೇತ ಎಲ್ಲ ಅಲ್ಲಿತ್ತು.

"ನಿನ್ನ ಬಾಗಿಲಿಗೆ ಯಾವತ್ತೂ ಬಂದಿಲ್ಲ ಕಣೇ," ಅಂದ. "ಮನೆ ಸೇರಿದ್ದು ನೋಡಿ ಮಲಗ್ತಿದ್ದೆ. ಭಾನುವಾರ ಹೋಗ್ತೀಯಲ್ಲ, ಆ ಮನೆ ಯಾರದ್ದು ಅಂತಾನೂ ಕೇಳಲಿಲ್ಲ."

"ಕೇಳಬಹುದಿತ್ತು ಅಣ್ಣ. ನೋಡಬಾರದಿತ್ತು."

ಅವನೆದುರೇ ಖಾತೆ ಮುಚ್ಚಿದಳು. ಹಳೆಯದನ್ನೆಲ್ಲ ಅಳಿಸಿ ಎಂದು ಕಂಪನಿಗೆ ಬರೆದರೆ, ನಿಯಮದಂತೆ ಕೆಲಕಾಲ ಇಟ್ಟುಕೊಂಡಿರುತ್ತೇವೆ ಎಂಬ ಉತ್ತರ ಥಟ್ಟನೆ ಬಂತು.

"ನನ್ನ ಕಣ್ಣು ಮುಚ್ಚಿಸಿದೆ, ಅವರದ್ದು?" ಎಂದು ಅಣ್ಣ ನಕ್ಕ.

"ಅವರ ಹತ್ರ ಆಮೇಲೆ ಜಗಳ ಆಡ್ತೀನಿ. ಮೊದಲು ನಿಂದು."

"ನಿಂಗೆ ಹುಷಾರು ತಪ್ಪಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?"

"ಹೇಳ್ತೀನಿ."

"ಹೇಳದಿದ್ರೆ?"

"ಹೇಳದಿದ್ರೆ ಗೊತ್ತಾಗಲ್ಲ."

ಅಣ್ಣ ಲೋಟದ ನೀರು ಕುಡಿದು ಮುಗಿಸಿದ. ಕೊನೆಗೆ "ಆಗಲಿ" ಎಂದ. ಅವಳಿಗೆ ಕನಿಕರವಾಯಿತು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೆಲವು ವಾರ ಕಳೆದು ಅವಳೇ ಅಣ್ಣ ಅತ್ತಿಗೆಯನ್ನು ಊಟಕ್ಕೆ ಕರೆದಳು. ಬಂದದ್ದು ಕಿಟಕಿಯಿಂದ ಕಂಡಿತು. ವಿಳಾಸ ಬಾಯಿಪಾಠವಿದ್ದ ಅಣ್ಣ ಬೀದಿಯ ಮೂಲೆಯಲ್ಲೇ ನಿಂತು ಫೋನು ಮಾಡಿದ.

"ಬಂದ್ವಿ ಕಣೇ. ಇಲ್ಲಿಂದ ಹೇಗೆ ಬರೋದು?"

ಅವಳು ನಿಧಾನವಾಗಿ ದಾರಿ ಹೇಳಿದಳು.