ನೀಲವ್ವನ ಮನೆಯ ಪಿರಮಿಡ್ಡು

ಸವಣೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಈಜಿಪ್ತಿನ ಪಿರಮಿಡ್ಡಿಗೆ ದಿನಾ ಪೂಜೆ ನಡೆಯುತ್ತದೆ. ವಿಭೂತಿ, ಪತ್ರಿ, ಊದುಬತ್ತಿ, ಯಾವುದಕ್ಕೂ ಕೊರತೆಯಿಲ್ಲ. ನಗಬೇಡಿ. ನಾನು ನಕ್ಕು ಕೆಟ್ಟಿದ್ದೇನೆ.

ಪೂಜೆ ಮಾಡುವವಳು ನೀಲವ್ವ. (ಹೆಸರು ಬದಲಿಸಿದ್ದೇನೆ. ಊರಿನ ಹೆಸರನ್ನಂತೂ ಕೇಳಲೇಬೇಡಿ.) ಅವಳ ಮಗ ಈರಪ್ಪ ನನ್ನ ಹಳೆಯ ವಿದ್ಯಾರ್ಥಿ. ಜಾಗ್ರಫಿಯಲ್ಲಿ ಅಷ್ಟಕ್ಕಷ್ಟೇ. ಒಮ್ಮೆ ಗಂಗಾನದಿಯನ್ನು ಅರಬ್ಬೀ ಸಮುದ್ರಕ್ಕೆ ಕೂಡಿಸಿದ್ದ! ಎರಡು ವರ್ಷದ ಹಿಂದೆ ಯಲವಿಗಿಯಲ್ಲಿ ರೈಲು ಹತ್ತಿ ಲಡಾಯಿಗೆಂದು ಇಂಗ್ಲಿಷರ ದಂಡು ಸೇರಿದವನು, ನಾನು ನಕಾಶೆಯಲ್ಲಿ ಬರೀ ಕೋಲಿನಿಂದ ತೋರಿಸಿದ್ದ ಈಜಿಪ್ತಿಗೇ ಹೋಗಿ ನಿಂತ. ಅಲ್ಲಿಂದ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ಬಂತು. ಸೆನ್ಸಾರಿನವರು ಊರಿನ ಹೆಸರಿಗೆ ಕರಿಮಸಿ ಬಳಿದಿದ್ದರು. ಹಿಂಬದಿಗೆ ಇದ್ದ ಅಷ್ಟು ದೊಡ್ಡ ಪಿರಮಿಡ್ಡನ್ನು ಹಾಗೇ ಬಿಟ್ಟಿದ್ದರು.

ನೀಲವ್ವನಿಗೆ ಓದು ಬಾರದು. ಕಾರ್ಡು ನಾನೇ ಓದಿ ಹೇಳಿ ಬಂದೆ. ಮುಂದಿನ ಸಲ ಹೋದಾಗ ಅದು ದೇವರ ಜಗಲಿ ಏರಿ ಸಾಲಿನಲ್ಲಿ ಕುಳಿತಿತ್ತು. ಮಾಸ್ತರನ ಬಾಯಿ ಸುಮ್ಮನಿದ್ದೀತೆ?

"ನೀಲವ್ವ, ಇದು ಗುಡಿ ಅಲ್ಲ. ಎಂದೋ ಸತ್ತ ರಾಜನ ಗೋರಿ. ಹೆಣಾ ಕೆಡದಂಗ ಮಾಡಿ ಒಳಗ ಇಟ್ಟಿದ್ರು" ಎಂದೆ, ನಗುತ್ತಲೇ.

ಗಾಬರಿಯಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ.

"ಹಂಗಂದ್ರ ಗದ್ದಿಗಿ ಅನ್ರಿ ಮಾಸ್ತರ. ಗದ್ದಿಗಿಗೆ ಪೂಜಿ ಮಾಡಬಾರದೇನು? ಭಾಳ ದೊಡ್ಡ ಶರಣ ಇದ್ದಿರಬೇಕ ಅಂವ" ಎಂದಳು.

ನಾನು ಹೆಣ ಸುಡುವ ಮನೆತನದವನು. ಅವಳದು ಮಣ್ಣು ಕೊಡುವ ಮನೆತನ. ಅವರಲ್ಲಿ ಸತ್ತವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ ಹೂಳುತ್ತಾರೆ. ದೊಡ್ಡ ಸ್ವಾಮಿಗಳಾದರೆ ಆ ಸಮಾಧಿಯೇ ಗದ್ದುಗೆ. ಊರೆಲ್ಲ ಅದಕ್ಕೆ ನಡೆದುಕೊಳ್ಳುತ್ತದೆ. ಜಗತ್ತಿನ ಅದ್ಭುತ ಎಂದು ನಾನು ಇಪ್ಪತ್ತು ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸಿದ ಪಿರಮಿಡ್ಡು ಅವಳಿಗೆ ಒಂದೇ ಮಾತಿನಲ್ಲಿ ತಿಳಿದುಹೋಗಿತ್ತು.

ಕಳೆದ ಮಳೆಗಾಲದಲ್ಲಿ ಈರಪ್ಪ ಅಲ್ಲೇ ತೀರಿಹೋದ ಎಂದು ತಂತಿ ಬಂತು. ಓದಿದವನು ನಾನೇ. ಆ ದಿನದ ಬಗ್ಗೆ ಬರೆಯಲಾರೆ.

ಹೋದ ವಾರ ಇನ್ನೊಂದು ಕಾಗದ ಬಂತು. ಇಂಗ್ಲಿಷಿನಲ್ಲಿ, ಟೈಪು ಮಾಡಿದ್ದು. ನೀಲವ್ವ ಅದನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕುಳಿತಳು.

"ಬ್ಯಾರೆ ಏನೂ ಬ್ಯಾಡ್ರಿ. ಮಣ್ಣು ಹೆಂಗ ಕೊಟ್ರು, ಅಷ್ಟ ನೋಡಿ ಹೇಳ್ರಿ."

ಕಾಗದದಲ್ಲಿದ್ದದ್ದು ಇಷ್ಟು: ನಿಮ್ಮ ಮಗನ ದೇಹವನ್ನು ಪೂರ್ಣ ಗೌರವದೊಂದಿಗೆ, ಹಿಂದೂ ಪದ್ಧತಿಯ ಪ್ರಕಾರ ದಹನ ಮಾಡಲಾಗಿದೆ.

ಪಾಪ, ದಂಡಿನವರು ಒಳ್ಳೆಯದನ್ನೇ ಮಾಡಿದೆವೆಂದು ತಿಳಿದಿದ್ದರು. ಹಿಂದೂ ಎಂದರೆ ಸುಡಬೇಕು. (ಅವಸರದಲ್ಲಿ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ.) ಆ ಸಾಲನ್ನು ಅವಳಿಗೆ ಹೇಗೆ ಓದಿ ಹೇಳಲಿ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ನೀಲವ್ವನೇ ಮಾತಾಡಿದಳು.

"ನಂಗೇನ ಅಂಜಿಕಿ ಇಲ್ರಿ. ರಾಜಾ ಸತ್ತು ಎಷ್ಟ ಸಾವಿರ ವರ್ಷ ಆದ್ರೂ ಹೆಣಾ ಕಾದ ಮಂದಿ ಅವ್ರು. ಅಂಥಾ ನಾಡಾಗ ನನ್ನ ಮಗನ್ನ ಸುಡ್ತಾರೇನು? ನೀವ ಹೇಳಿದ್ರಲ್ಲ."

ಹೌದು. ನಾನೇ ಹೇಳಿದ್ದೆ.

"ಕುಂದ್ರಿಸ್ಯಾರೇನ್ರಿ?"

"ಕುಂದ್ರಿಸ್ಯಾರ."

"ಕೈಯಾಗ ಲಿಂಗ?"

"ಇಟ್ಟಾರ."

"ಇಬತ್ತಿ, ಪತ್ರಿ?"

"ಹಾಕ್ಯಾರ ನೀಲವ್ವ. ಎಲ್ಲಾ ಹಾಕ್ಯಾರ."

ಇಪ್ಪತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಬಾಯಿ ಇದು. ಒಂದೊಂದು ಸುಳ್ಳಿಗೂ ಅವಳ ಮುಖ ತಿಳಿಯಾಗುತ್ತ ಹೋಯಿತು. ನಿಜ ಹೇಳಬೇಕಿತ್ತೇ? ನೀವಾಗಿದ್ದರೆ ಹೇಳುತ್ತಿದ್ದಿರಾ? ಎದೆ ಮುಟ್ಟಿಕೊಂಡು ಹೇಳಿ.

ಇನ್ನೇನು ಏಳಬೇಕು, ಅಷ್ಟರಲ್ಲಿ ಅವಳು ಒಳಗಿನಿಂದ ಒಂದು ಬಿಳಿ ಅರಿವೆ ತಂದು ನನ್ನ ಮುಂದಿಟ್ಟಳು. ತೊಳೆದು ನಾಲ್ಕು ಮಡಿಕೆ ಮಾಡಿದ್ದಳು. ಮೊದಲೇ ಸಿದ್ಧ ಮಾಡಿ ಇಟ್ಟಿದ್ದಳೆಂದು ಕಾಣುತ್ತದೆ.

"ಲಡಾಯಿ ಮುಗದ ಮ್ಯಾಲ ಅಂವನ್ನ ಇಟ್ಟಲ್ಲಿದು ಒಂದು ಹಿಡಿ ಮಣ್ಣು ಇದರಾಗ ಕಟ್ಟಿ ಕಳಸ್ರಿ ಅಂತ ಅವರಿಗೆ ಬರೀರಿ ಮಾಸ್ತರ. ಹೊಲದಾಗ ಅವರಪ್ಪನ ಮಗ್ಗಲಕ್ಕ ಇಡ್ತೇನಿ. ನಾ ಹೋಗೂದ್ರಾಗ ಬಂದ್ರ ಸಾಕು."

ಬರೆಯುತ್ತೇನೆ ಎಂದು ಹೇಳಿ ಅರಿವೆ ತಂದೆ. ಇವತ್ತಿಗೆ ಆರು ದಿನ. ನನ್ನ ಹೆಂಡತಿ ಅದನ್ನು ಎತ್ತಿಡಲು ಹೋದಾಗ ಸುಮ್ಮಸುಮ್ಮನೆ ಅವಳ ಮೇಲೆ ರೇಗಿದೆ.

ಓದುಗರಲ್ಲಿ ಆ ಕಡೆಯವರು ಇದ್ದರೆ ನೀಲವ್ವನ ಮುಂದೆ ಬಾಯಿ ಬಿಡಬೇಡಿ, ಕೈಮುಗಿದು ಕೇಳುತ್ತೇನೆ. ಕಾಗದ ನಾನು ಬರೆಯುವುದಿಲ್ಲ. ಬರೆದು ಏನು ಕೇಳಲಿ? ಆದರೆ ಲಡಾಯಿ ಒಂದಲ್ಲ ಒಂದು ದಿನ ಮುಗಿಯುತ್ತದೆ, ಅವಳು ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಾಳೆ.

ಆಗ ಆ ಅರಿವೆಯಲ್ಲಿ ಯಾರ ಹೊಲದ ಮಣ್ಣು ಕಟ್ಟಿಕೊಡಲಿ?