ಹೊಸ ಮಾಡೆಲ್ ಬರಲಿ, ತಡಿ

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎನ್ನುತ್ತಾರೆ ನಮ್ಮ ಕಡೆಯ ಹಿರಿಯರು. ಹೇಳದಿದ್ದರೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ, ಹೇಳಿಯೇ ಬಿಡುತ್ತೇನೆ: ಪಂಪಾಪತಿ. ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ. ಭತ್ತದ ಚೀಲಕ್ಕೆ ಕೊಳವೆ ಚುಚ್ಚಿ, ಅಂಗೈಗೆ ಕಾಳು ಸುರುವಿಕೊಂಡು, ಒಂದೆರಡು ಹಲ್ಲಿಗೆ ಹಾಕಿ ಕಡಿದು, ಹಸಿಯೋ ಒಣವೋ ಎಂದು ಹೇಳುತ್ತಾರೆ. ಹೇಳಿದ್ದು ತಪ್ಪಿದ್ದನ್ನು ನಾನು ಕೇಳಿಲ್ಲ. ಅದು ಹೊಟ್ಟೆಪಾಡು. ಹುಚ್ಚು ಬೇರೆಯೇ ಇದೆ. ಹೊಸ ಮಾಡೆಲಿನ ಕಂಪ್ಯೂಟರ್ ಬರುವ ಮೊದಲು ಹಳೆಯದು ಯಾವ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಮೂರು ತಾಲೂಕು ಹುಡುಕುವ ಹುಚ್ಚು.

ನಮ್ಮ ಮನೆ ಮಸ್ಕಿಯಲ್ಲಿ. ಬೆಳಿಗ್ಗೆ ಅವರು ಸಿಂಧನೂರು ಬಸ್ಸು ಹತ್ತುತ್ತಾರೆ, ನಾನು ಲಿಂಗಸುಗೂರಿನದು. ಅಲ್ಲಿ ಒಬ್ಬರ ಆನ್‌ಲೈನ್ ಸೆಂಟರಿನಲ್ಲಿ ನಾನು ಅರ್ಜಿ ತುಂಬುವವಳು. ಪಹಣಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಏನಾದರೂ ತನ್ನಿ, ಕಣ್ಣು ಮುಚ್ಚಿಕೊಂಡು ಹೊಡೆಯುತ್ತೇನೆ. ಎಂಟು ವರ್ಷದಿಂದ ಇನ್ನೊಬ್ಬರ ಕೀಬೋರ್ಡ್ ಸವೆಸುತ್ತಿದ್ದೇನೆ.

ಸಂಜೆ ನಾನು ಮನೆಗೆ ಬಂದು ರೊಟ್ಟಿಗೆ ಕೂರುವ ಹೊತ್ತಿಗೆ ಇವರ ಬಸ್ಸೂ ಮಸ್ಕಿಗೆ ಬಂದಿರುತ್ತದೆ. ಇಳಿದರೆ ತಾನೆ? ಏನೋ ನೆನಪಾಗಿ ಅದೇ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿಬಿಡುತ್ತಾರೆ. ಕಂಪ್ಯೂಟರ್ ಅಂಗಡಿ ಹೊಕ್ಕು ಡಬ್ಬಿಯನ್ನು ಬುಡಮೇಲು ಮಾಡಿ, ತಯಾರಾದ ತಿಂಗಳನ್ನು ಓದುತ್ತಾರೆ. ಎಂಟು ತಿಂಗಳು ದಾಟಿತ್ತೆಂದರೆ ಅಂಗಡಿಯವನಿಗೆ ಒಂದೇ ಮಾತು: "ಇದರ ತಮ್ಮ ಹುಟ್ಯಾನ್ರೀ. ಅಂವ ಅಂಗಡಿಗೆ ಬರೂದ್ರಾಗ ಇದನ್ನ ಕಳಿಸಿಬಿಡ್ರಿ." ತಮ್ಮನೆಂದರೆ ಹೊಸ ಮಾಡೆಲ್. ಅಂಗಡಿಯವನೂ ಹೌದಲ್ಲ ಎಂದುಕೊಂಡು ರೇಟು ಇಳಿಸುತ್ತಾನೆ. ಹಟ್ಟಿಯ ಗಣಿಯಲ್ಲಿ ಪಾಳಿ ಮೇಲೆ ದುಡಿಯುವ ಪೀರ್‌ಸಾಬರ ಮಗಳಿಗೆ ಹೀಗೇ ಕೊಡಿಸಿದರು. ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಳಿ ರೈತರೊಬ್ಬರಿಗೆ, ಗುರುಗುಂಟಾದ ಒಬ್ಬ ಮೇಷ್ಟರಿಗೆ, ಹೀಗೆ ಮೂವತ್ತು ಮನೆಗಾದರೂ ಕೊಡಿಸಿರಬೇಕು. ಇವರಿಗೆ ಸಿಗುವುದು ಒಂದು ಕಪ್ ಚಹಾ. ಊರಿಗೆ ಉಪಕಾರಿ, ಮನೆಗೆ ಮಾರಿ. ನಮ್ಮ ಮನೆಯಲ್ಲಿ ಮಾತ್ರ ಕಂಪ್ಯೂಟರ್ ಇಲ್ಲ.

ಬೇಕಾಗಿದ್ದುದು ನನಗೆ. ಮಸ್ಕಿ ಬಸ್ ನಿಲ್ದಾಣದ ಎದುರು ಹುಸೇನ್‌ಸಾಬರದ್ದೊಂದು ಸಣ್ಣ ಮಳಿಗೆ ಇದೆ. ಮೊದಲು ಅಲ್ಲಿ ಸ್ಟೋವು, ಕೊಡೆ ರಿಪೇರಿ ಮಾಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಮುಚ್ಚಿದರು. ಈ ಯುಗಾದಿ ಕಳೆದು ನಾಲ್ಕು ದಿನಕ್ಕೆ ಅವರೇ ಮನೆ ಬಾಗಿಲಿಗೆ ಬಂದು ಹೇಳಿದರು: "ಶಿವಕುಮಾರಿ, ನೀ ಹಾಕವ್ವಾ ನಿನ್ನ ದುಕಾನ. ಹತ್ತನೇತ್ತೆ ರಿಜಲ್ಟ್ ಬರೂತನಕ ಯಾರಿಗೂ ಕೊಡಂಗಿಲ್ಲ. ಆಮ್ಯಾಲ ನನ್ನ ಕೈಯಾಗಿಲ್ಲ, ಮೊಬೈಲ್ ಅಂಗಡಿಯೋರು ಜಬರದಸ್ತ್ ಕೇಳಾಕತ್ತಾರ."

ಹತ್ತನೆಯ ತರಗತಿಯ ಫಲಿತಾಂಶದಿಂದ ಎರಡು ತಿಂಗಳು ನಮ್ಮಂಥವರಿಗೆ ಸುಗ್ಗಿ. ಕಾಲೇಜಿನ ಅರ್ಜಿ, ಹಾಸ್ಟೆಲ್ಲಿನ ಅರ್ಜಿ, ಆದಾಯ ಪ್ರಮಾಣಪತ್ರ, ಉಸಿರಾಡಲು ಬಿಡುವಿರುವುದಿಲ್ಲ. ಆ ಸುಗ್ಗಿ ಶುರುವಾಗುವ ಹೊತ್ತಿಗೆ ಬಾಗಿಲು ತೆರೆದರೆ ಮಳಿಗೆ ನನ್ನದು. ತಪ್ಪಿದರೆ ಜೀವಮಾನವಿಡೀ ಲಿಂಗಸುಗೂರು ಬಸ್ಸೇ ಗತಿ. ದುಡ್ಡು ಇತ್ತು, ನಾನೇ ಕೂಡಿಟ್ಟದ್ದು. ಇಲ್ಲದ್ದು ಗಂಡನ ಒಪ್ಪಿಗೆ.

ಸಿಂಧನೂರಿನಲ್ಲಿ ಶಿವಶರಣಪ್ಪ ಎಂಬವರ ಕಂಪ್ಯೂಟರ್ ಅಂಗಡಿ. ತಂದೆಯ ಕಾಲದಿಂದ ಅಕ್ಕಿ ಮಾರಿದ ಮನೆತನ, ಈಗ ಅರ್ಧ ಅಂಗಡಿ ಅಕ್ಕಿ, ಅರ್ಧ ಕಂಪ್ಯೂಟರ್. ಅಲ್ಲಿ ನನಗೆ ಬೇಕಾದಂಥದ್ದೇ ಲ್ಯಾಪ್‌ಟಾಪಿನ ಮೂರು ಡಬ್ಬಿ ಇದ್ದವು. "ಇವತ್ತ ತರೂಣು," ಎಂದೆ ಇವರಿಗೆ.

"ಹುಚ್ಚಿ ಇದ್ದೀಯೇನು? ಹೊಸಾದು ಬರಾಕತ್ತೈತಿ. ಬಂದ ಮರುದಿನ ಹಳೇದರ ರೇಟು ನೆಲಕ್ಕ ಬೀಳ್ತೈತಿ. ಇಪ್ಪತ್ತು ದಿನ ತಡಿ."

ಈ 'ತಡಿ' ಕೇಳಿ ಕೇಳಿ ಮೂರು ವರ್ಷವಾಗಿತ್ತು. ಮೊದಲನೆಯ ವರ್ಷ ದಸರಾ ಬರಲಿ ಎಂದರು. ದಸರಾ ಬಂತು, ಪ್ರೊಸೆಸರ್ ಬದಲಾಗುತ್ತದೆ ಎಂದರು. ಅದೂ ಬದಲಾಯಿತು, ಅಷ್ಟರಲ್ಲಿ ಅದಕ್ಕೂ ಒಬ್ಬ ತಮ್ಮ ಹುಟ್ಟಿದ್ದ. ಊಟಕ್ಕೆ ಕೂತರೆ ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಫೋನು. ಅರ್ಧ ತಿಂದು ಎದ್ದು ಅಂಗಳದಲ್ಲಿ ಅಡ್ಡಾಡುತ್ತಾರೆ. "ಕುಂತು ಉಣ್ರಿ, ಮುಳ್ಳಿನ ಮ್ಯಾಲ ಕುಂತೀರೇನು?" ಎಂದರೆ ಕಿವಿಗೇ ಬೀಳುವುದಿಲ್ಲ. ನೋಡಿ ನೋಡಿ ನನಗೂ ಅದೇ ರೋಗ ಅಂಟಿತ್ತು. ದಿನಕ್ಕೆರಡು ಸಲ ಹುಸೇನ್‌ಸಾಬರ ಮಳಿಗೆಯ ಮುಂದೆ ಹೋಗಿ ಬೀಗ ನೋಡಿ ಬರುತ್ತಿದ್ದೆ.

ಒಂದು ಸಂಜೆ ನಗುತ್ತಾ ಬಂದರು. "ಶಿವಶರಣಪ್ಪ ಏನಂದಾ ಗೊತ್ತೇನು? 'ಪಂಪಾಪತಿ, ನಾವು ಅಕ್ಕಿ ಮಾರಿದ ಮಂದಿ, ಹಳೇದಕ್ಕ ರೇಟು ಇಳಸೂದು ನಮಗ ಗೊತ್ತಿಲ್ಲ' ಅಂದ. ಲ್ಯಾಪ್‌ಟಾಪ್ ಅಂದ್ರ ಸೋನಾ ಮಸೂರಿ ಏನು, ಇಟ್ಟಂಗ ಬೆಲಿ ಏರಾಕ?"

ನಮ್ಮ ಕಡೆ ಕೂಸಿಗೂ ಗೊತ್ತು, ಹೊಸ ಅಕ್ಕಿ ಅನ್ನ ಮಾಡಿದರೆ ಮುದ್ದೆಯಾಗುತ್ತದೆ, ವರ್ಷ ಇಟ್ಟದ್ದು ಉದುರುದುರಾಗುತ್ತದೆ. ಅದಕ್ಕೇ ಹಳೆಯ ಅಕ್ಕಿಗೆ ರೇಟು ಜಾಸ್ತಿ. ಅಂಗಡಿಯವರು ಅದನ್ನು ಕಂಪ್ಯೂಟರಿಗೂ ಹಚ್ಚಿದ್ದು ಇವರಿಗೆ ತಮಾಷೆಯಾಗಿತ್ತು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ.

ಹೊಸ ಮಾಡೆಲ್ ಸಿಂಧನೂರಿಗೆ ಬಂದದ್ದು ಒಂದು ಗುರುವಾರ. ಮರುದಿನವೇ ಫಲಿತಾಂಶ ಎಂದು ಬೆಳಿಗ್ಗೆ ಸುದ್ದಿ ಬಂದಿತ್ತು. ಇವರು ಮೊದಲನೆಯ ಬಸ್ಸಿಗೇ ಹೋಗಿ ಅಂಗಡಿ ತೆರೆಯುವ ಮುಂಚೆ ಶಟರಿನ ಮುಂದೆ ನಿಂತಿದ್ದರಂತೆ. ಹತ್ತೂವರೆಗೆ ನಾನು ಲಿಂಗಸುಗೂರಿನಲ್ಲಿ ಯಾರದೋ ಪಹಣಿ ತೆಗೆಯುತ್ತಿದ್ದಾಗ ಫೋನ್ ಬಂತು.

"ಏರೈತಿ," ಎಂದರು. ದನಿ ಅವರದ್ದೆಂದು ಅನ್ನಿಸಲಿಲ್ಲ.

"ಏನು ಏರೈತ್ರಿ?"

"ಹಳೇದರ ರೇಟು. ಒಳಗ ಹಾಕೂ ಮೆಮೊರಿ ಚಿಪ್ ಎಲ್ಲೂ ಸಿಗವಲ್ಲವಂತ. ಹೊಸಾದು ಬಾಳ ತುಟ್ಟಿ ಬಂದೈತಿ. ಅದಕ್ಕ ಮಂದಿ ಹಳೇದಕ್ಕ ಬಿದ್ದಾರ. ಎರಡು ಹೋದುವು, ಒಂದ ಉಳದೈತಿ."

ಹಗಲಿಡೀ ಅಕ್ಕಿಯ ನಡುವೆ ನಿಲ್ಲುವ ಮನುಷ್ಯ, ಹಳೆಯದರ ಬೆಲೆ ಏರಬಹುದು ಎಂಬುದನ್ನು ಮರೆತಿದ್ದರು. "ಆ ಒಂದನ್ನ ತಗೋರಿ," ಎಂದೆ.

"ಹೆಚ್ಚಿಗಿ ಕೊಟ್ಟು? ಮಂದಿ ನಗ್ತಾರ. ಒಂದು ತಿಂಗಳು ತಡಿ, ಇಳೀತೈತಿ."

ತಲೆ ಕೆಟ್ಟಿತು. ಪಹಣಿಯವರನ್ನು ಅಲ್ಲೇ ಬಿಟ್ಟು, ಮಾಲೀಕರಿಗೆ ಹೊಟ್ಟೆನೋವು ಎಂದು ಹೇಳಿ, ಸಿಂಧನೂರು ಬಸ್ಸು ಹತ್ತಿದೆ. ಮಸ್ಕಿ ಬಂದರೂ ಇಳಿಯಲಿಲ್ಲ. ಆ ಒಂದು ಡಬ್ಬಿಯೂ ಹೋಗಿದ್ದರೆ? ಕಾಲುವೆ, ಗದ್ದೆ ಏನೂ ಕಣ್ಣಿಗೆ ಬೀಳಲಿಲ್ಲ. ಡ್ರೈವರ್ ದಾರಿಯ ಪ್ರತಿ ಹಳ್ಳಿಗೂ, ಕ್ಯಾಂಪಿಗೂ ನಿಲ್ಲಿಸುತ್ತಿದ್ದರೆ ಅವನ ಮೇಲೂ ಸಿಟ್ಟು.

ಇವರು ಗಿರಣಿಗೆ ಹೋಗಿದ್ದರು. ಡಬ್ಬಿ ಅಂಗಡಿಯಲ್ಲೇ ಇತ್ತು. ಕೈ ಎರಡೂ ಅದರ ಮೇಲಿಟ್ಟು, "ಇದು ನನಗ," ಎಂದೆ.

ಶಿವಶರಣಪ್ಪನವರು ನನ್ನನ್ನೂ ಡಬ್ಬಿಯನ್ನೂ ನೋಡಿದರು. "ಪಂಪಾಪತಿಗೆ ಗೊತ್ತೈತೇನಬೇ ತಂಗಿ?"

"ಗೊತ್ತಾಗ್ತೈತಿ ಬಿಡ್ರಿ."

ಫೋನಿನಲ್ಲೇ ದುಡ್ಡು ಹಾಕಿದೆ, ಅವರು ರಸೀದಿ ಬರೆದರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮಸ್ಕಿಗೆ ಬಂದೆ. ಹುಸೇನ್‌ಸಾಬರು ಕೀಲಿ ಕೊಟ್ಟರು, ತಾವೇ ಕಸಬರಿಗೆ ಹಿಡಿದು ಬಂದರು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಬೆಳಕು ಮೂಡಿತು. ಸಂತೋಷವಾಯಿತೇ? ಆಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಮದುವೆಯಾಗಿ ಹದಿನಾರು ವರ್ಷದಲ್ಲಿ ಇವರಿಗೆ ಹೇಳದೆ ನಾನು ಮಾಡಿದ ಮೊದಲ ಕೆಲಸ ಅದು.

ಆರೂವರೆ ಬಸ್ಸಿನಿಂದ ಇವರು ಇಳಿದದ್ದು ಒಳಗಿನಿಂದಲೇ ಕಂಡಿತು. ಮಳಿಗೆಯ ದೀಪ ನೋಡಿದರು, ನನ್ನನ್ನು ನೋಡಿದರು. ರಸ್ತೆ ದಾಟಿ ಬಂದು ಹೊಸ್ತಿಲ ಹೊರಗೇ ನಿಂತರು.

"ಎಷ್ಟು ಕೊಟ್ಟಿ?"

ಹೇಳಿದೆ. ಕಣ್ಣು ಮುಚ್ಚಿಕೊಂಡರು. ಬೈಯುತ್ತಾರೆ ಎಂದು ನಾನೂ ಮಾತು ಸಿದ್ಧಮಾಡಿಕೊಂಡಿದ್ದೆ.

"ಹಟ್ಟಿಯಿಂದ ಕ್ಯಾಂಪಿನ ತನಕ ಮಂದಿ ನನ್ನ ಕೇಳಿ ತಗೋತಾರ," ಎಂದರು. "ನೀ ಒಬ್ಬಾಕಿ ಕೇಳಲಿಲ್ಲ."

"ಕೇಳೀನಿ," ಎಂದೆ. "ಮೂರು ವರ್ಷ ಕೇಳೀನಿ."

ಒಂದು ಗಳಿಗೆ ಒಂದು ಕಡೆ ನಿಲ್ಲದ ಮನುಷ್ಯ ಅಲ್ಲಾಡದೆ ನಿಂತಿದ್ದರು. ಆಮೇಲೆ ನೆಲ ನೋಡುತ್ತಾ ಹೇಳಿದರು: "ಮಂದಿಗೆ ಕೊಡ್ಸಿದ್ದು ತಪ್ಪಿದ್ರ ನಾಕು ದಿನ ಬೈತಾರ, ಮರೀತಾರ. ನಿನಗ ಕೊಡ್ಸಿದ್ದು ತಪ್ಪಿದ್ರ? ದಿನಾ ಅದರ ಮುಂದ ಕುಂತು ದುಡಿಯಾಕಿ ನೀನು. ನಿನ್ನ ಮುಂದ ಹ್ಯಾಂಗ ನಿಂದ್ರಲಿ ಅಂತ ಅಂಜಿಕಿ ಬರ್ತಿತ್ತು. ಅದಕ್ಕ ತಡಿ ತಡಿ ಅಂದೆ."

ಮೂರು ವರ್ಷದ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದರ ಹಿಂದೆಯೇ ಅಳುವೂ ನುಗ್ಗಿತು, ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಈಗ ನಿಮ್ಮ ಲೆಕ್ಕ ತಪ್ಪಿಯೇ ಬಿಟ್ಟೈತಲ್ಲ," ಎಂದೆ. "ಆದ್ರೂ ನಿಂತೀರಿ ನೋಡ್ರಿ, ನನ್ನ ಮುಂದ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.