ಗೋಡೆಯ ಮೇಲಿನ ಇಲಿಯಪ್ಪ

ಸಂಜಯನಗರದಲ್ಲಿ ನನ್ನ ಮಗಳ ಶಿಶುವಿಹಾರದ ಗೋಡೆಯ ಮೇಲೆ ಬರೆಯಲು ಟೀಚರ್ ಒಬ್ಬ ಪೇಂಟರ್‌ಗೆ ಹೇಳಿದ್ದು ಟಿವಿಯ ಹಳೆಯ ಕಾರ್ಟೂನ್ ಇಲಿಯೊಂದನ್ನು ಮಾತ್ರ. ಆ ಪೇಂಟರ್, "ಒಂದನ್ನೇ ನಿಲ್ಸಿದ್ರೆ ಪಾಪ ಅಲ್ವಾ ಸಾರ್?" ಎನ್ನುತ್ತ ಆ ಇಲಿಗೆ ಮಲ್ಲಿಗೆ ಮುಡಿದ ಅತ್ತೆ, ಮಫ್ಲರ್ ಸುತ್ತಿದ ತಾತ, ಗೆಳೆಯ ಬಾತುಕೋಳಿ ಎಂದು ದಿನಕ್ಕೊಬ್ಬರನ್ನು ಸೇರಿಸುತ್ತಿದ್ದರು.

ಮಗಳು ಅಳುತ್ತಾಳೇನೋ ಎಂದು ನಾನು ದಿನವೂ ಗೇಟಿನಲ್ಲಿ ನಿಂತು ಇಣುಕುತ್ತಿದ್ದೆ. ನನ್ನನ್ನು ಕಂಡೇ ಅವಳ ಅಳು ಜೋರಾಗುತ್ತಿತ್ತು.

ಒಂದು ಬೆಳಿಗ್ಗೆ ನೋಡಿದರೆ, ತರಗತಿಯ ಬಾಗಿಲ ಪಕ್ಕ ಕನ್ನಡಕ ಹಾಕಿದ ಬೋಳುತಲೆಯ ಇಲಿಯೊಂದು ಇಣುಕುತ್ತಿತ್ತು.

"ಇದ್ಯಾರ್ರೀ?" ಎಂದೆ, ನನ್ನ ತಲೆ ಸವರಿಕೊಳ್ಳುತ್ತ.

"ಇಲಿಯಪ್ಪ. ಇನ್ಮೇಲೆ ಇವ್ರೇ ನೋಡ್ಕೋತಾರೆ. ನೀವು ಆಫೀಸಿಗೆ ಹೋಗಿ ಸಾರ್."

ಮಗಳು ಇಲಿಯಪ್ಪನಿಗೆ ಟಾಟಾ ಮಾಡಿ ನಗುತ್ತ ಒಳಗೆ ಹೋದಳು. ನನ್ನ ಕಡೆ ತಿರುಗಲೇ ಇಲ್ಲ.

ಪೇಂಟರ್ ನನ್ನ ಮುಖವನ್ನೇ ನೋಡಿ, ಬ್ರಷ್ ಅದ್ದಿ, ಇಲಿಯಪ್ಪನ ಕಣ್ಣಂಚಿಗೆ ಒಂದು ಹನಿ ನೀರು ಬರೆದರು.